ಒಂಬತ್ತು ಅಂಕಗಳ ಸೊಕ್ಕು

2025ರ ಜೂನ್ 1, ಬಾರ್ಸಿಲೋನಾ. ಫಾರ್ಮುಲಾ ಒನ್ ಕಾರ್ ರೇಸ್ ಸರಣಿಯ ಸ್ಪ್ಯಾನಿಷ್ ಗ್ರ್ಯಾನ್ ಪ್ರೀ ಮುಗಿಯಲು ಬೆರಳೆಣಿಕೆಯ ಸುತ್ತುಗಳಷ್ಟೇ ಬಾಕಿ. ಅಪಾಯವಿದ್ದಾಗ ಎಲ್ಲರ ವೇಗ ತಗ್ಗಿಸಲು ಮುಂದೆ ಓಡುವ ಸೇಫ್ಟಿ ಕಾರ್ ಒಳಗೆ ಹೋಗಿ ರೇಸ್ ಮತ್ತೆ ಶುರುವಾಗಿದೆ. ಸುತ್ತಲಿನವರೆಲ್ಲ ಮೆತ್ತನೆಯ ಟೈರ್ ಹಾಕಿಕೊಂಡಿದ್ದರೆ ರೆಡ್ ಬುಲ್ ತಂಡದ ಮ್ಯಾಕ್ಸ್ ವರ್ಸ್ಟಾಪನ್ ಕಾರಿಗೆ ಹಿಡಿತ ಕಡಿಮೆಯಿರುವ ಗಟ್ಟಿ ಟೈರ್. ಕೊನೆಯ ತಿರುವಿನಲ್ಲಿ ಕಾರು ಜಾರಿತು, ಫೆರಾರಿಯ ಶಾರ್ಲ್ ಲೆಕ್ಲೇರ್ ಮುಂದೆ ಹೋದರು. ಮೊದಲ ತಿರುವಿನಲ್ಲಿ ಮರ್ಸಿಡಿಸ್‌ನ ಜಾರ್ಜ್ ರಸೆಲ್ ನುಗ್ಗಿದರು. ವರ್ಸ್ಟಾಪನ್ ಟ್ರ್ಯಾಕ್ ಬಿಟ್ಟು ಹೊರಗೆ ಹೋದವರು ರಸೆಲ್‌ಗಿಂತ ಮುಂದೆಯೇ ಬಂದು ಸೇರಿಕೊಂಡರು. ಜಾಗ ಬಿಟ್ಟುಕೊಡಿ ಎಂದು ತಂಡದಿಂದ ರೇಡಿಯೋ ಸಂದೇಶ ಬಂತು. ವಾದವಾಯಿತು. ಐದನೇ ತಿರುವಿನ ಹತ್ತಿರ ವರ್ಸ್ಟಾಪನ್ ವೇಗ ತಗ್ಗಿಸಿದರು, ರಸೆಲ್ ಪಕ್ಕಕ್ಕೆ ಬಂದರು. ಬಿಟ್ಟುಕೊಟ್ಟರು ಅಂದುಕೊಳ್ಳುವಷ್ಟರಲ್ಲಿ ಮತ್ತೆ ವೇಗ ಏರಿತು, ರೆಡ್ ಬುಲ್ ಹೋಗಿ ಮರ್ಸಿಡಿಸ್‌ನ ಪಕ್ಕೆಗೆ ಗುದ್ದಿತು.

ಹತ್ತು ಸೆಕೆಂಡ್ ದಂಡ. ಐದನೆಯವರಾಗಿ ಗೆರೆ ದಾಟಿದವರು ಹತ್ತನೇ ಸ್ಥಾನಕ್ಕೆ ಇಳಿದರು. ಐದಕ್ಕೆ 10 ಅಂಕ, ಹತ್ತಕ್ಕೆ 1. ಕೈಬಿಟ್ಟುಹೋದದ್ದು 9. ಆರು ತಿಂಗಳ ನಂತರ, ಡಿಸೆಂಬರ್ 7ರಂದು ಅಬುಧಾಬಿಯಲ್ಲಿ ವರ್ಷದ ಲೆಕ್ಕ ಮುಗಿದಾಗ ಮೆಕ್ಲಾರೆನ್ ತಂಡದ ಲ್ಯಾಂಡೊ ನಾರಿಸ್ 423, ವರ್ಸ್ಟಾಪನ್ 421. ನಾರಿಸ್ ಚಾಂಪಿಯನ್. ಬಾರ್ಸಿಲೋನಾದಲ್ಲಿ ನಾರಿಸ್ ಎರಡನೆಯವರಾಗಿದ್ದರು. ವರ್ಸ್ಟಾಪನ್‌ಗೆ ಆ 9 ಅಂಕ ದಕ್ಕಿದ್ದರೂ ನಾರಿಸ್ ಖಾತೆಯಿಂದ ಒಂದೂ ಕಳೆಯುತ್ತಿರಲಿಲ್ಲ.

ಸೊಕ್ಕಿಲ್ಲದವನು ಚಾಂಪಿಯನ್ ಆಗಲಾರ ಎಂಬ ಮಾತು ಫಾರ್ಮುಲಾ ಒನ್ ನೋಡುವವರ ನಡುವೆ ಬಹಳ ಹಳೆಯದು. 2024ರಲ್ಲಿ ರೆಡ್ ಬುಲ್ ತಂಡದ ಸಲಹೆಗಾರ ಹೆಲ್ಮುಟ್ ಮಾರ್ಕೊ ನಾರಿಸ್‌ಗೆ ಮಾನಸಿಕ ದೌರ್ಬಲ್ಯವಿದೆ ಎಂದು ಬಹಿರಂಗವಾಗಿಯೇ ಹೇಳಿದ್ದರು. ನಾರಿಸ್ ತಪ್ಪು ಮಾಡಿದರೆ ತಮ್ಮನ್ನು ತಾವೇ ಬೈದುಕೊಳ್ಳುವವರು, ಮೊದಲ ವರ್ಷದಲ್ಲಿ ಕಾಡಿದ ಅಳುಕನ್ನು ಮುಚ್ಚಿಡದೆ ಹೇಳಿಕೊಂಡವರು. ಇಂಥವರು ಚೆನ್ನಾಗಿ ಓಡಿಸಬಹುದು, ಆದರೆ ಕೊನೆಗೆ ಎರಡನೆಯವರಾಗಿಯೇ ಉಳಿಯುತ್ತಾರೆ ಅನ್ನುವ ಅಭಿಪ್ರಾಯ ಬಹಳ ಮಂದಿಗಿತ್ತು. 2025 ಅದನ್ನು ಅಲ್ಲಾಡಿಸಿತು. ಎರಡು ಅಂಕದ ಅಂತರದಿಂದ ಏನೂ ಸಾಬೀತಾಗುವುದಿಲ್ಲ, ಒಪ್ಪುತ್ತೇನೆ. ಆದರೆ ಪ್ರಶ್ನೆಯನ್ನು ಮತ್ತೊಮ್ಮೆ ಎತ್ತಲು ಅಷ್ಟು ಸಾಕು.

ಕನ್ನಡದಲ್ಲಿ ಈ ಗುಣಕ್ಕೆ ಪದಗಳ ಬರವಿಲ್ಲ. ಜಂಬ, ಧಿಮಾಕು, ಹಮ್ಮು, ಕೊಬ್ಬು, ಗರ್ವ, ಸೊಕ್ಕು. ಜಂಬ ಪಡುವವನು ಎದುರಿನವನ ಮೆಚ್ಚುಗೆಗೆ ಕಾಯುತ್ತಾನೆ. ಸೊಕ್ಕಿದವನಿಗೆ ಎದುರಿಗೆ ಒಬ್ಬನಿದ್ದಾನೆ ಅನ್ನುವುದೇ ಕಾಣುವುದಿಲ್ಲ. ಇವುಗಳ ಪಕ್ಕದಲ್ಲೇ ಹಠ, ಛಲ, ಕೆಚ್ಚು, ಎದೆಗಾರಿಕೆ ಅನ್ನುವ ಇನ್ನೊಂದು ಗುಂಪಿದೆ. ರೇಸ್ ಚಾಲಕರ ಮಾತು ಬಂದಾಗ ಎರಡೂ ಗುಂಪನ್ನು ಒಂದೇ ಚೀಲಕ್ಕೆ ತುಂಬಿ ಗಂಟು ಹಾಕಿಬಿಡುತ್ತೇವೆ. ಆ ಗಂಟು ಬಿಚ್ಚಿ, ಕಾರು ಓಡಿಸುವುದಕ್ಕೆ ನಿಜವಾಗಿ ಬೇಕಾದ್ದೇನು, ಗೆದ್ದ ಮೇಲೆ ಬಂದು ಅಂಟಿಕೊಳ್ಳುವುದೇನು ಎಂದು ನೋಡಬೇಕು.

ಇಟಲಿಯ ಮೊನ್ಝಾ ಟ್ರ್ಯಾಕ್‌ನ ಮೊದಲ ತಿರುವನ್ನೇ ತೆಗೆದುಕೊಳ್ಳಿ. ನೇರ ದಾರಿಯ ಕೊನೆಗೆ ವೇಗ ಗಂಟೆಗೆ 330 ಕಿಲೋಮೀಟರ್ ದಾಟಿರುತ್ತದೆ. ಅಂದರೆ ಸೆಕೆಂಡಿಗೆ ತೊಂಬತ್ತು ಮೀಟರ್‌ಗೂ ಮಿಗಿಲು. ಬ್ರೇಕ್ ಒತ್ತುವುದು ಹತ್ತನೇ ಒಂದು ಸೆಕೆಂಡ್ ತಡವಾದರೆ ಕಾರು ಒಂಬತ್ತು ಮೀಟರ್ ಮುಂದೆ ಹೋಗಿಯಾಗಿರುತ್ತದೆ. ಅಷ್ಟು ವೇಗದಿಂದ ನೂರರ ಕೆಳಗಿಳಿಯಲು ಮೂರು ಸೆಕೆಂಡ್ ಕೂಡ ಇರುವುದಿಲ್ಲ. ಮೆಲ್ಲಗೆ ಒತ್ತಿ ನೋಡೋಣ, ಬೇಕಾದರೆ ಆಮೇಲೆ ಜೋರಾಗಿ ಒತ್ತಿದರಾಯಿತು ಅನ್ನುವಂತಿಲ್ಲ. ಗಾಳಿ ಕಾರನ್ನು ನೆಲಕ್ಕೆ ಅದುಮಿ ಹಿಡಿಯುವುದು ವೇಗ ಹೆಚ್ಚಿದ್ದಾಗಲೇ. ಆದ್ದರಿಂದ ಬ್ರೇಕನ್ನು ಅತಿ ಜೋರಾಗಿ ತುಳಿಯಬೇಕಾದದ್ದು ಮೊದಲ ಕ್ಷಣದಲ್ಲಿ. ವೇಗ ಇಳಿದಂತೆ ಹಿಡಿತವೂ ಇಳಿಯುತ್ತದೆ, ಕಾಲನ್ನು ಅಷ್ಟಷ್ಟೇ ಸಡಿಲಿಸುತ್ತ ಬರಬೇಕು. ಹೆದರಿ ಓಡಿಸುವವನ ಕಷ್ಟ ಇಲ್ಲೇ ಇರುವುದು. ನಿಧಾನಿಸಿದರೆ ಗಾಳಿಯ ಒತ್ತಡ ಕಡಿಮೆ, ಟೈರ್ ಮತ್ತು ಬ್ರೇಕ್‌ಗಳ ಬಿಸಿ ಕಡಿಮೆ, ಹಿಡಿತ ಇನ್ನೂ ಕಡಿಮೆ. ಕಾರು ಜಾರುತ್ತದೇನೋ ಅನ್ನುವ ಅನುಮಾನದಿಂದಲೇ ಕಾರು ಜಾರುತ್ತದೆ.

ಹಾಗಾಗಿ ಆ ಎರಡು-ಮೂರು ಸೆಕೆಂಡ್‌ಗಳಲ್ಲಿ ಚಾಲಕನ ತಲೆಯಲ್ಲಿ ಎರಡನೇ ಯೋಚನೆಗೆ ಜಾಗವಿಲ್ಲ. ತನ್ನ ಕೈಕಾಲಿನ ಮೇಲೆ ಅವನಿಗಿರುವ ಈ ನಂಬಿಕೆ ಹೊರಗಿನಿಂದ ನೋಡಿದರೆ ಸೊಕ್ಕಿನ ಹಾಗೆಯೇ ಕಾಣುತ್ತದೆ. ಆದರೆ ಅದನ್ನು ಹಾಗೆ ಕರೆಯಲು ನನಗೆ ಮನಸ್ಸಿಲ್ಲ. ಆ ನಂಬಿಕೆಯಲ್ಲಿ ಇನ್ನೊಬ್ಬನ ಬಗ್ಗೆ ತಾತ್ಸಾರವೇ ಇಲ್ಲ. ಅಲ್ಲಿ ಇನ್ನೊಬ್ಬನೇ ಇಲ್ಲ, ಇರುವುದು ತಿರುವಿಗೆ ನೂರು ಮೀಟರ್ ಎಂದು ತೋರಿಸುವ ಫಲಕ ಮತ್ತು ಪೆಡಲ್.

ಅದೇ ಚಾಲಕನನ್ನು ಒಂದು ಗಂಟೆ ಬಿಟ್ಟು ನೋಡಿ. ಹೆಲ್ಮೆಟ್ ತೆಗೆದು, ಎಂಜಿನಿಯರ್‌ಗಳ ಜೊತೆ ಮೇಜಿನ ಮುಂದೆ ಕೂತಿರುತ್ತಾನೆ. ಪರದೆಯ ಮೇಲೆ ಎರಡು ಬಣ್ಣದ ಗೆರೆಗಳು, ಒಂದು ಅವನದು, ಇನ್ನೊಂದು ಅದೇ ತಂಡದ ಇನ್ನೊಬ್ಬ ಚಾಲಕನದು. ಯಾವ ತಿರುವಿನಲ್ಲಿ ಯಾರು ಎಷ್ಟು ಮೊದಲು ಬ್ರೇಕ್ ಬಿಟ್ಟರು, ಯಾರು ಸ್ಟಿಯರಿಂಗ್ ಎಷ್ಟು ತಿರುಗಿಸಿದರು, ಯಾರು ಆಕ್ಸಿಲರೇಟರ್ ಮೇಲೆ ಕಾಲಿಡಲು ಹಿಂಜರಿದರು, ಎಲ್ಲವೂ ಒಂದರ ಮೇಲೊಂದು. ಕಾರೂ ಒಂದೇ ಬಗೆಯದು, ನೆಪ ಹೇಳಲು ದಾರಿಯಿಲ್ಲ. ಏಳನೇ ತಿರುವಿನಲ್ಲಿ ಹತ್ತನೇ ಒಂದು ಸೆಕೆಂಡ್ ಕಳೆದುಕೊಂಡಿದ್ದೀರಿ ಎಂದಾಗ, ಅವನಿಗೆ ಅಲ್ಲಿ ಟ್ರಾಫಿಕ್ ಇರಲಿಲ್ಲ, ನನಗಿತ್ತು ಅನ್ನುವವನಿಗೆ ಮುಂದಿನ ದಿನವೂ ಆ ಹತ್ತನೇ ಒಂದು ಸೆಕೆಂಡ್ ಸಿಗುವುದಿಲ್ಲ. ಅವನು ಅಲ್ಲಿ ಏನು ಮಾಡಿದ, ನನಗೆ ತೋರಿಸಿ ಅನ್ನುವವನಿಗೆ ಸಿಗಬಹುದು. ಹಿಂದಿನ ಚಾಂಪಿಯನ್‌ಗಳಾದ ಐರ್ಟನ್ ಸೆನ್ನಾ, ಮೈಕಲ್ ಶುಮಾಕರ್ ಇಬ್ಬರೂ ಎಂಜಿನಿಯರ್‌ಗಳ ಜೊತೆ ಬಹಳ ಹೊತ್ತು ಕೂರುತ್ತಿದ್ದವರು. ಟ್ರ್ಯಾಕ್ ಮೇಲೆ ಯಾರಿಗೂ ಬಗ್ಗದವರು ಎಂದು ನಾವು ಮೊದಲು ನೆನೆಯುವುದೂ ಇವರಿಬ್ಬರನ್ನೇ. ಟ್ರ್ಯಾಕ್ ಮೇಲೆ ಅನುಮಾನ ಕೂಡದು, ಮೇಜಿನ ಮುಂದೆ ಅನುಮಾನವಿಲ್ಲದೆ ಆಗದು. ಇವೆರಡರ ನಡುವೆ ಗಂಟೆಗೊಮ್ಮೆ ಆ ಕಡೆ ಈ ಕಡೆ ದಾಟಬಲ್ಲವರು ಬಹಳ ಕಡಿಮೆ.

ಆಸ್ಟ್ರಿಯಾದ ಚಾಂಪಿಯನ್ ನಿಕಿ ಲೌಡಾ ಇದಕ್ಕೆ ಒಳ್ಳೆಯ ಉದಾಹರಣೆ, ಏಕೆಂದರೆ ಅವರ ಮಾತಿನ ಒರಟುತನವನ್ನು ಸೊಕ್ಕು ಎಂದವರೇ ಹೆಚ್ಚು. 1976ರ ಆಗಸ್ಟ್ 1ರಂದು ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕ್‌ನಲ್ಲಿ ಬೆಂಕಿಗೆ ಸಿಕ್ಕಿ ಸಾವಿನ ದವಡೆಯಿಂದ ಬಂದವರು ಸೆಪ್ಟೆಂಬರ್ 12ಕ್ಕೆ ಮೊನ್ಝಾದಲ್ಲಿ ಮತ್ತೆ ಕಾರಿನಲ್ಲಿದ್ದರು. ನಾಲ್ಕನೆಯವರಾದರು. ಅಲ್ಲಿ ಕಾರು ಹತ್ತಿದಾಗ ತಾನು ಭಯದಿಂದ ನಡುಗಿಹೋಗಿದ್ದೆ ಎಂದು ಆಮೇಲೆ ಅವರೇ ಹೇಳಿದರು. ಅದೇ ವರ್ಷದ ಕೊನೆಯ ರೇಸ್ ಜಪಾನ್‌ನ ಫ್ಯೂಜಿಯಲ್ಲಿ. ಸುರಿಯುವ ಮಳೆ, ಪ್ರಶಸ್ತಿ ಕೈಯಳತೆಯಲ್ಲಿ. ಎರಡು ಸುತ್ತು ಓಡಿಸಿ ಕಾರು ನಿಲ್ಲಿಸಿಬಿಟ್ಟರು. ಎಂಜಿನ್ ಕೆಟ್ಟಿತು ಅಂತ ಹೇಳೋಣ ಎಂದು ತಂಡದವರು ಕೇಳಿದರೂ ಒಪ್ಪಲಿಲ್ಲ. ಪ್ರಶಸ್ತಿ ಪ್ರತಿಸ್ಪರ್ಧಿ ಜೇಮ್ಸ್ ಹಂಟ್ ಪಾಲಾಯಿತು: ಹಂಟ್ 69, ಲೌಡಾ 68. ಮಾನ ಉಳಿಸಿಕೊಳ್ಳಲು ಸುಳ್ಳೊಂದು ಕಾಲ ಬುಡದಲ್ಲೇ ಬಿದ್ದಿದ್ದರೂ ಬಗ್ಗಿ ಎತ್ತಿಕೊಳ್ಳದವನನ್ನು ಸೊಕ್ಕಿನವನು ಅನ್ನಬೇಕೋ ನಿಷ್ಠುರ ಅನ್ನಬೇಕೋ? ಮುಂದಿನ ವರ್ಷವೇ ಅವರು ಮತ್ತೆ ಚಾಂಪಿಯನ್.

ಇಷ್ಟರಲ್ಲಿ ಮುಗಿದಿದ್ದರೆ ನನ್ನ ವಾದ ಸಲೀಸಾಗಿ ಗೆದ್ದುಬಿಡುತ್ತಿತ್ತು. ಆದರೆ ರೇಸ್‌ನಲ್ಲಿ ಟ್ರ್ಯಾಕ್ ಖಾಲಿ ಇರುವುದಿಲ್ಲ. ಪಕ್ಕದಲ್ಲಿ ಇನ್ನೊಬ್ಬನಿರುತ್ತಾನೆ, ಇಬ್ಬರಿಗೂ ಬೇಕಾದ ತಿರುವು ಒಂದೇ. ಯಾರು ಬಿಟ್ಟುಕೊಡುತ್ತಾರೆ? ಇಲ್ಲಿ ಸೊಕ್ಕಿನ ಹೆಸರು ಕೆಲಸಕ್ಕೆ ಬರುತ್ತದೆ, ಇದನ್ನು ಅಲ್ಲಗಳೆಯಲಾಗದು. ಸೆನ್ನಾ ಅವರ ಹಳದಿ ಹೆಲ್ಮೆಟ್ ಕನ್ನಡಿಯಲ್ಲಿ ಕಂಡರೆ ಎದುರಿನವನು ಲೆಕ್ಕ ಹಾಕಬೇಕಿತ್ತು: ಈ ಸೆನ್ನಾ ಹಿಂದೆ ಸರಿಯುವ ಪೈಕಿಯಲ್ಲ, ನಾನು ಸರಿಯದಿದ್ದರೆ ಇಬ್ಬರೂ ಗೋಡೆಗೆ. ಅಂಥ ಹೆಸರನ್ನು ಒಮ್ಮೆ ಸಂಪಾದಿಸಿದರೆ ಎಷ್ಟೋ ಸಲ ಗುದ್ದುವ ಅಗತ್ಯವೇ ಬೀಳುವುದಿಲ್ಲ. 1990ರಲ್ಲಿ ಜಪಾನ್‌ನ ಸುಝುಕಾದ ಮೊದಲ ತಿರುವಿನಲ್ಲಿ ಸೆನ್ನಾ ಪ್ರತಿಸ್ಪರ್ಧಿ ಪ್ರೊಸ್ಟ್ ಕಾರಿಗೆ ಗುದ್ದಿ ಇಬ್ಬರ ರೇಸನ್ನೂ ಅಲ್ಲೇ ಮುಗಿಸಿದರು, ಪ್ರಶಸ್ತಿ ಸೆನ್ನಾ ಪಾಲಾಯಿತು. ಬೇಕೆಂದೇ ಮಾಡಿದ್ದು ಎಂದು ಮರುವರ್ಷ ಅವರೇ ಒಪ್ಪಿಕೊಂಡರು. ಪ್ರಶಸ್ತಿ ವಾಪಸು ಹೋಗಲಿಲ್ಲ.

ಈ ಗುಣ ರೇಸ್ ಚಾಲಕರ ರಕ್ತದಲ್ಲೇ ಇರುವುದಾದರೆ ಎಲ್ಲ ಕಾಲದಲ್ಲೂ ಇರಬೇಕಿತ್ತು. ಹಿಂದಕ್ಕೆ ಹೋದರೆ ಸಿಗುವ ಚಿತ್ರವೇ ಬೇರೆ. 1956ರ ಮೊನ್ಝಾ. ಪೀಟರ್ ಕಾಲಿನ್ಸ್ ಎಂಬ 24ರ ಹುಡುಗನಿಗೂ ಪ್ರಶಸ್ತಿ ಗೆಲ್ಲುವ ಅವಕಾಶ ಇನ್ನೂ ಇತ್ತು. ತಂಡದ ಹಿರಿಯ ಫ್ಯಾಂಜಿಯೊ ಅವರ ಕಾರು ಕೆಟ್ಟು ನಿಂತಾಗ, ಕಾಲಿನ್ಸ್ ತನ್ನ ಕಾರಿನಿಂದ ಇಳಿದು ಅವರಿಗೆ ಬಿಟ್ಟುಕೊಟ್ಟರು. ಆಗಿನ ನಿಯಮ ಅದಕ್ಕೆ ಅವಕಾಶ ಕೊಡುತ್ತಿತ್ತು. ಫ್ಯಾಂಜಿಯೊ ಚಾಂಪಿಯನ್ ಆದರು. ಎರಡು ವರ್ಷದ ನಂತರ ಕಾಲಿನ್ಸ್ ನ್ಯೂರ್ಬರ್ಗ್‌ರಿಂಗ್‌ನಲ್ಲಿ ತೀರಿಕೊಂಡರು. ಅದೇ 1958ರಲ್ಲಿ ಪೋರ್ಚುಗಲ್‌ನ ರೇಸ್‌ನಲ್ಲಿ ಮೈಕ್ ಹಾಥಾರ್ನ್ ಅಂಕಗಳನ್ನು ರದ್ದು ಮಾಡಲು ಅಧಿಕಾರಿಗಳು ಹೊರಟಾಗ, ಅವರ ಪರವಾಗಿ ಸಾಕ್ಷಿ ಹೇಳಿದವರು ಪ್ರತಿಸ್ಪರ್ಧಿ ಸ್ಟರ್ಲಿಂಗ್ ಮಾಸ್. ಆ ಅಂಕಗಳು ಉಳಿದವು, ವರ್ಷದ ಕೊನೆಗೆ ಹಾಥಾರ್ನ್ 42, ಮಾಸ್ 41. ಮಾಸ್ ಆ ವರ್ಷ ನಾಲ್ಕು ರೇಸ್ ಗೆದ್ದಿದ್ದರು, ಹಾಥಾರ್ನ್ ಒಂದು. ಅರವತ್ತರ ದಶಕದ ಜಿಮ್ ಕ್ಲಾರ್ಕ್ ಸಂಕೋಚದ ಮನುಷ್ಯ, ಕುರಿ ಸಾಕುವ ಮನೆತನದ ರೈತ, ಕಾರಿನ ಹೊರಗೆ ಸಣ್ಣ ನಿರ್ಧಾರಕ್ಕೂ ತಡವರಿಸುತ್ತಿದ್ದವರು ಎಂದು ಬಲ್ಲವರೆಲ್ಲ ಹೇಳುತ್ತಾರೆ. 72 ರೇಸ್‌ಗಳಲ್ಲಿ 25 ಗೆಲುವು.

ಇವರೆಲ್ಲ ಹುಟ್ಟಾ ಸಜ್ಜನರಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಆಗ ಚಕ್ರಕ್ಕೆ ಚಕ್ರ ತಾಗಿಸಿದರೆ ಇಬ್ಬರಲ್ಲಿ ಒಬ್ಬ ಸಾಯುವ ಅಪಾಯ ನಿಜವಾಗಿಯೂ ಇತ್ತು. 1981ರಲ್ಲಿ ಮೆಕ್ಲಾರೆನ್ ಕಾರ್ಬನ್ ಫೈಬರ್‌ನ ಕಾರು ತಂದಿತು, ಉಳಿದವರೂ ಅದನ್ನೇ ಹಿಡಿದರು. ಕಾರುಗಳು ಗಟ್ಟಿಯಾದವು, ಟ್ರ್ಯಾಕ್‌ಗಳ ಅಂಚು ಅಗಲವಾಯಿತು. ಚಾಲಕರು ಬದುಕುಳಿಯತೊಡಗಿದರು, ಅದು ದೊಡ್ಡದು. ಆದರೆ ಅದೇ ಹೊತ್ತಿಗೆ ಗುದ್ದುವುದು ಒಂದು ಆಯುಧವೂ ಆಯಿತು. ಸೊಕ್ಕಿನ ಚಾಲಕರು ದಿಢೀರನೆ ಹುಟ್ಟಿಕೊಂಡರು ಅನ್ನುವುದಕ್ಕಿಂತ ಸೊಕ್ಕು ಅಗ್ಗವಾಯಿತು ಅನ್ನುವುದು ಸರಿ.

ಎಷ್ಟು ಅಗ್ಗ ಅನ್ನುವುದನ್ನು ನಿಗದಿ ಮಾಡುವವರು ಸ್ಟೀವರ್ಡ್‌ಗಳು, ಅಂದರೆ ರೇಸ್‌ನಲ್ಲಿ ತಪ್ಪು ತೀರ್ಮಾನಿಸಿ ದಂಡ ಹಾಕುವವರು. 1994ರಲ್ಲಿ ಅಡಿಲೇಡ್‌ನಲ್ಲಿ ಶುಮಾಕರ್ ಮತ್ತು ಪ್ರತಿಸ್ಪರ್ಧಿ ಡೇಮನ್ ಹಿಲ್ ಕಾರುಗಳು ಡಿಕ್ಕಿಯಾದವು, ಇಬ್ಬರೂ ಹೊರಗೆ, ಶುಮಾಕರ್ ಒಂದು ಅಂಕದಿಂದ ಚಾಂಪಿಯನ್. ಶಿಕ್ಷೆ ಇಲ್ಲ. 1997ರಲ್ಲಿ ಸ್ಪೇನ್‌ನ ಹೆರೆಸ್‌ನಲ್ಲಿ ಅದೇ ಶುಮಾಕರ್ ಪ್ರತಿಸ್ಪರ್ಧಿ ಜಾಕ್ ವಿಲ್ನೆವ್ ಕಡೆಗೆ ಸ್ಟಿಯರಿಂಗ್ ತಿರುಗಿಸಿದರು. ಈ ಸಲ ತಾವೇ ಜಲ್ಲಿಕಲ್ಲಿನಲ್ಲಿ ಹೂತುಕೊಂಡರು, ಆ ವರ್ಷದ ಪಟ್ಟಿಯಿಂದಲೇ ಅವರ ಸ್ಥಾನವನ್ನು ಈ ಕ್ರೀಡೆಯ ಆಡಳಿತ ಸಂಸ್ಥೆ ಎಫ್‌ಐಎ ಅಳಿಸಿಹಾಕಿತು. 2021ರಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಲೂಯಿಸ್ ಹ್ಯಾಮಿಲ್ಟನ್ ಕಾರು ತಾಗಿ ವರ್ಸ್ಟಾಪನ್ ಗೋಡೆಗೆ ಬಡಿದರು, ಹೊಡೆತ 51ಜಿ, ಅಂದರೆ ಗುರುತ್ವದ 51 ಪಟ್ಟು. ಹ್ಯಾಮಿಲ್ಟನ್‌ಗೆ 10 ಸೆಕೆಂಡ್ ದಂಡ, ಆದರೂ ರೇಸ್ ಗೆದ್ದರು. ಯಾರ ತಪ್ಪು ಎಷ್ಟು ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ, ನಾನದನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ಇವೆಲ್ಲವನ್ನೂ ಪುಟ್ಟ ಕಾರ್ಟ್‌ಗಳಲ್ಲಿ ರೇಸ್ ಕಲಿಯುವ ಒಬ್ಬ ಎಳೆಯ ಹುಡುಗ ನೋಡಿಕೊಂಡು ಬೆಳೆಯುತ್ತಾನೆ. ಯಾವ ತಪ್ಪಿಗೆ ಎಷ್ಟು ದರ ಅನ್ನುವುದು ಅವನಿಗೆ ಬಾಯಿಪಾಠ. ತಿರುವಿನ ನಡುಬಿಂದುವಿನಲ್ಲಿ ಯಾರ ಕಾರು ಮುಂದಿದೆಯೋ ತಿರುವು ಅವನದು ಎಂದು ನಿಯಮ ಹೇಳಿದರೆ, ಬ್ರೇಕನ್ನು ಮಿತಿಮೀರಿ ತಡಮಾಡಿಯಾದರೂ ಅಲ್ಲಿ ಮೊದಲು ಮೂಗು ತೂರಿಸುವುದನ್ನು ಅವನು ಕಲಿಯುತ್ತಾನೆ. ನಾವು ಅದಕ್ಕೆ ಸ್ವಭಾವ ಎಂದು ಹೆಸರಿಡುತ್ತೇವೆ.

ಜೊತೆಗಾರನ ವಿಷಯವೂ ಹೀಗೆಯೇ. ಬೇರೆ ತಂಡದವನು ಗೆದ್ದರೆ ಅವನ ಕಾರು ಚೆನ್ನಾಗಿದೆ ಅನ್ನಬಹುದು. ಒಂದೇ ತಂಡದವನು ಗೆದ್ದರೆ ಏನು ಹೇಳುವುದು? 2013ರಲ್ಲಿ ಮಲೇಷ್ಯಾದಲ್ಲಿ ತಂಡದ ಆದೇಶ ಮೀರಿ ಸೆಬಾಸ್ಟಿಯನ್ ವೆಟಲ್ ಮಾರ್ಕ್ ವೆಬರ್ ಅವರನ್ನು ಹಿಂದಿಕ್ಕಿ ಗೆದ್ದರು. 2022ರಲ್ಲಿ ಬ್ರೆಜಿಲ್‌ನಲ್ಲಿ, ಪ್ರಶಸ್ತಿ ಆಗಲೇ ಖಾತ್ರಿಯಾಗಿದ್ದರೂ, ಆರನೇ ಸ್ಥಾನವನ್ನು ಸರ್ಗಿಯೊ ಪೆರೆಜ್‌ಗೆ ಬಿಟ್ಟುಕೊಡಲು ವರ್ಸ್ಟಾಪನ್ ಒಪ್ಪಲಿಲ್ಲ. ಇನ್ನೊಮ್ಮೆ ಇದನ್ನು ಕೇಳಬೇಡಿ ಎಂದು ರೇಡಿಯೋದಲ್ಲಿ ಹೇಳಿಯೂ ಬಿಟ್ಟರು. ಇದನ್ನು ಸೊಕ್ಕು ಎಂದೇ ಕರೆಯುತ್ತೇನೆ, ಮೆದು ಪದ ಹುಡುಕುವುದಿಲ್ಲ. ಆದರೆ ಇದನ್ನು ಮಾಡಿದವರು ಯಾರು ಎಂದು ನೋಡಿ. ವೆಟಲ್ ಆಗ ಮೂರು ಸಲದ ಚಾಂಪಿಯನ್, ವರ್ಸ್ಟಾಪನ್ ಎರಡು ಸಲದ್ದು. ಹದಿನೈದನೇ ಸ್ಥಾನದಲ್ಲಿ ಓಡಿಸುವವನು, ಮುಂದಿನ ವರ್ಷ ಸೀಟು ಉಳಿಯುತ್ತದೋ ಇಲ್ಲವೋ ತಿಳಿಯದವನು ತಂಡದ ಆದೇಶವನ್ನು ಹೀಗೆ ತಳ್ಳಿಹಾಕಿದರೆ ಸೋಮವಾರ ಬೆಳಗ್ಗೆ ಮನೆಗೆ ಕಳಿಸುತ್ತಾರೆ. ಚಾಂಪಿಯನ್‌ಗಳಲ್ಲಿ ಸೊಕ್ಕು ಹೆಚ್ಚು ಕಾಣುತ್ತದೆ, ಆದ್ದರಿಂದ ಸೊಕ್ಕಿನಿಂದ ಚಾಂಪಿಯನ್ ಆದರು ಅನ್ನುವುದು ಗಾಡಿಯನ್ನು ಎತ್ತಿನ ಮುಂದೆ ಕಟ್ಟಿದ ಹಾಗೆ. ಗೆದ್ದವನಿಗೆ ಸೊಕ್ಕಿಗೂ ಸಾಲ ಸಿಗುತ್ತದೆ.

2012ರಲ್ಲಿ ಅದೇ ಮಲೇಷ್ಯಾದಲ್ಲಿ ಒಂದು ಸುತ್ತು ಹಿಂದಿದ್ದ ಭಾರತದ ನಾರಾಯಣ್ ಕಾರ್ತಿಕೇಯನ್ ಕಾರಿಗೆ ತಾಗಿ ವೆಟಲ್ ಟೈರ್ ಒಡೆಯಿತು. ವೆಟಲ್ ಕೈಸನ್ನೆ ಮಾಡಿದರು, ಆಮೇಲೆ ಅವರನ್ನು ಸೌತೆಕಾಯಿ ಎಂದು ಗೇಲಿಯನ್ನೂ ಮಾಡಿದರು. ತುದಿಯಲ್ಲಿರುವವನು ಬುಡದಲ್ಲಿರುವವನ ಬಗ್ಗೆ ಹೀಗೆ ಮಾತಾಡಬಹುದು, ತಿರುಗಿ ಮಾತಾಡಿದರೆ ಕೇಳುವವರಿರುವುದಿಲ್ಲ. ಒಂಬತ್ತು ವರ್ಷದ ನಂತರ, ಗೆಲುವುಗಳೆಲ್ಲ ಹಿಂದೆ ಸರಿದ ಮೇಲೆ, ಅದೇ ವೆಟಲ್ ಸಿಲ್ವರ್‌ಸ್ಟೋನ್‌ನಲ್ಲಿ ರೇಸ್ ಮುಗಿದ ಬಳಿಕ ಪ್ರೇಕ್ಷಕರು ಬಿಟ್ಟುಹೋದ ಕಸ ಹೆಕ್ಕುತ್ತಿದ್ದರು. ಸೊಕ್ಕು ಹುಟ್ಟುಗುಣವಾಗಿದ್ದರೆ ಎಲ್ಲಿಗೆ ಹೋಯಿತು?

ನಮಗೆ ಸಿಗುವ ಚಿತ್ರದಲ್ಲೂ ಒಂದು ಮೋಸವಿದೆ. ರೇಸ್ ನಡೆಯುವಾಗ ಚಾಲಕರ ರೇಡಿಯೋ ಮಾತುಗಳಲ್ಲಿ ಟಿವಿಗೆ ಬರುವುದು ಆಯ್ದ ಕೆಲವು ಮಾತ್ರ. ಟೈರ್ ಬಿಸಿ, ಬ್ಯಾಟರಿ, ಹಿಂದಿನವನ ಅಂತರ ಅನ್ನುವ ನೂರು ಮಾತಿನಲ್ಲಿ ಬೈಗುಳದ ಒಂದು ಮಾತು ಹೆಕ್ಕಿ ಹಾಕುತ್ತಾರೆ, ನೋಡುವವರಿಗೂ ಅದೇ ಬೇಕು. ಎದೆಬಡಿತ ನಿಮಿಷಕ್ಕೆ 170ರ ಆಸುಪಾಸಿನಲ್ಲಿರುವಾಗ ಆಡಿದ ಮಾತನ್ನು ಸೋಫಾದ ಮೇಲೆ ಕೂತು ತೂಗುವುದು ನನಗೂ ಅಭ್ಯಾಸವಾಗಿಬಿಟ್ಟಿದೆ. 2012ರ ಅಬುಧಾಬಿಯಲ್ಲಿ ಕಿಮಿ ರೈಕ್ಕೊನೆನ್ ತನ್ನ ಪಾಡಿಗೆ ಬಿಡಿ, ಏನು ಮಾಡಬೇಕೆಂದು ಗೊತ್ತಿದೆ ಎಂದದ್ದು ಟೀಶರ್ಟ್‌ಗಳ ಮೇಲೂ ಬಂತು. ಮೈಯೆಲ್ಲ ಧಿಮಾಕು ಅನ್ನಿಸುವ ಮಾತು. ಕೆಲಸ ಮಾಡುವವನಿಗೆ ಪಕ್ಕದಲ್ಲಿ ನಿಂತು ಸಲಹೆ ಕೊಟ್ಟು ನೋಡಿ, ಅದೇ ಉತ್ತರ ಸಿಗುತ್ತದೆ. ಅದೇ ರೇಡಿಯೋದಲ್ಲಿ 2019ರ ಬಾಕುವಿನಲ್ಲಿ ಗೋಡೆಗೆ ಗುದ್ದಿದ ಲೆಕ್ಲೇರ್ ನಾನೊಬ್ಬ ಮೂರ್ಖ ಎಂದು ತಮ್ಮನ್ನೇ ಹಳಿದುಕೊಂಡದ್ದೂ ಕೇಳಿಸಿತ್ತು.

ನನ್ನ ಪಕ್ಷಪಾತವನ್ನೂ ಹೇಳಿಬಿಡುತ್ತೇನೆ, ನಾನು ಫಿನ್ಲೆಂಡ್‌ನ ಚಾಲಕ ಮಿಕಾ ಹಕ್ಕಿನೆನ್ ಕಡೆಯವನು. 1999ರಲ್ಲಿ ಮೊನ್ಝಾದಲ್ಲಿ ಮುನ್ನಡೆಯಲ್ಲಿದ್ದಾಗ ತಪ್ಪು ಗೇರ್ ಹಾಕಿ ಕಾರು ತಿರುಗಿ ನಿಂತಿತು. ಗ್ಲೌಸ್ ಎಸೆದು, ಪೊದೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಅತ್ತರು. ಹೆಲಿಕಾಪ್ಟರ್ ಕ್ಯಾಮೆರಾ ಅದನ್ನು ಜಗತ್ತಿಗೆಲ್ಲ ತೋರಿಸಿತು. ಆ ವರ್ಷದ ಚಾಂಪಿಯನ್ ಅವರೇ. ಮರುವರ್ಷ ಬೆಲ್ಜಿಯಂನ ಸ್ಪಾದಲ್ಲಿ ಶುಮಾಕರ್ ಒಂದು ಸಲ ಅವರನ್ನು 300ರ ಮೇಲಿನ ವೇಗದಲ್ಲಿ ಹುಲ್ಲಿನಂಚಿಗೆ ಒತ್ತಿದರು. ಮುಂದಿನ ಸುತ್ತಿನಲ್ಲಿ, ನಿಧಾನವಾಗಿ ಹೋಗುತ್ತಿದ್ದ ಮತ್ತೊಬ್ಬ ಚಾಲಕ ಝೋಂಟಾ ಕಾರಿನ ಎಡಕ್ಕೆ ಶುಮಾಕರ್ ಹೋದರೆ ಹಕ್ಕಿನೆನ್ ಬಲಕ್ಕೆ ಹೋಗಿ ಇಬ್ಬರನ್ನೂ ಒಟ್ಟಿಗೆ ದಾಟಿದರು. ರೇಸ್ ಮುಗಿದು ಕಾರುಗಳು ನಿಂತಾಗ ಶುಮಾಕರ್ ಹತ್ತಿರ ಹೋಗಿ, ಎರಡು ಅಂಗೈಗಳನ್ನು ಎರಡು ಕಾರುಗಳ ಹಾಗೆ ಹಿಡಿದು, ನೀನಿಲ್ಲಿ, ನಾನಿಲ್ಲಿ, ಹೀಗೆ ಮಾಡಬಾರದು ಅನ್ನುವಂತೆ ತಣ್ಣಗೆ ತೋರಿಸಿದರು. ಆ ಓವರ್‌ಟೇಕ್‌ಗೆ ಎಷ್ಟು ಎದೆಗಾರಿಕೆ ಬೇಕು ಅನ್ನುವುದನ್ನು ಅಳೆಯಲಾಗದು. ಅದಕ್ಕೆ ತಾತ್ಸಾರ ಒಂದು ಚಮಚದಷ್ಟೂ ಬೇಕಾಗಿರಲಿಲ್ಲ.

ಹಾಗಾದರೆ ಬಾರ್ಸಿಲೋನಾ? ಅದನ್ನು ಪೂರ್ತಿ ಸಿಟ್ಟಿನ ಲೆಕ್ಕಕ್ಕೆ ಹಾಕಬಹುದಿತ್ತು. ಮರುದಿನ ವರ್ಸ್ಟಾಪನ್ ಅದು ಸರಿಯಲ್ಲ, ಆಗಬಾರದಿತ್ತು ಎಂದು ಬರೆದರು. ದಂಡದ ಪಾಯಿಂಟ್‌ಗಳು 11ಕ್ಕೇರಿದ್ದವು, 12 ಆದರೆ ಒಂದು ರೇಸ್ ನಿಷೇಧ. ಆಮೇಲೆ ಅವರು ಕಾರು ಓಡಿಸಿದ ರೀತಿ ಮಾತ್ರ ಬೇರೆಯದೇ. ನೆದರ್ಲೆಂಡ್ಸ್ ರೇಸ್ ಮುಗಿದಾಗ ಆಗ ಮೊದಲ ಸ್ಥಾನದಲ್ಲಿದ್ದ, ನಾರಿಸ್ ತಂಡದ ಜೊತೆಗಾರ ಆಸ್ಕರ್ ಪಿಯಾಸ್ಟ್ರಿಗಿಂತ 104 ಅಂಕ ಹಿಂದಿದ್ದವರು ಕೊನೆಗೆ ಪಿಯಾಸ್ಟ್ರಿಯನ್ನು ದಾಟಿದರು, ನಾರಿಸ್‌ಗಿಂತ ಎರಡೇ ಅಂಕ ಹಿಂದೆ ನಿಂತರು. ಬೇರೆ ಯಾರಾದರೂ ಆಗಿದ್ದರೆ ಮುಂದಿನ ವರ್ಷದ ಕಾರಿನ ಬಗ್ಗೆ ಮಾತಾಡಲು ಶುರು ಮಾಡುತ್ತಿದ್ದರು.

ಅಬುಧಾಬಿಯಲ್ಲಿ ನಾರಿಸ್ ಮೂರನೆಯವರಾಗಿ ಬಂದು, ಕಾರಿನೊಳಗೇ ಅತ್ತು, ತನ್ನ ರೀತಿಯಲ್ಲೇ ಗೆದ್ದೆ ಅನ್ನುವುದು ಖುಷಿ ಎಂದರು. ರೇಸ್ ಗೆದ್ದಿದ್ದ ವರ್ಸ್ಟಾಪನ್‌ಗೆ ಪತ್ರಕರ್ತರೊಬ್ಬರು ಬಾರ್ಸಿಲೋನಾ ಬಗ್ಗೆ ಕೇಳಿದರು. ಅವರು ಕೆರಳಿದರು. ಇಡೀ ವರ್ಷದಲ್ಲಿ ಆದದ್ದೆಲ್ಲ ಮರೆತು ನಿಮಗೆ ಅದೊಂದೇ ನೆನಪಾಗುತ್ತದೆ, ಈ ಪ್ರಶ್ನೆ ಬಂದೇ ಬರುತ್ತದೆಂದು ಗೊತ್ತಿತ್ತು ಅನ್ನುವ ಧಾಟಿಯಲ್ಲಿ ಉತ್ತರಿಸಿದರು. ಪ್ರಶ್ನೆ ಕೇಳಿದವರ ಮುಖದ ಮೇಲಿನ ನಗುವನ್ನೂ ಬಿಡಲಿಲ್ಲ. ಅವರ ಮಾತಿನಲ್ಲಿ ಹುರುಳಿತ್ತು. ಇಪ್ಪತ್ತನಾಲ್ಕು ರೇಸ್‌ಗಳ ವರ್ಷದಲ್ಲಿ ಎಲ್ಲರೂ ಎಲ್ಲೆಲ್ಲೋ ಅಂಕ ಚೆಲ್ಲಿರುತ್ತಾರೆ. ಆದರೆ ಬೇರೆ ಕಡೆ ಚೆಲ್ಲಿದ್ದು ಎಂಜಿನ್ನೋ ಟೈರೋ ಮಳೆಯೋ. ಬಾರ್ಸಿಲೋನಾದ ಐದನೇ ತಿರುವಿನಲ್ಲಿ ಸ್ಟಿಯರಿಂಗ್ ಹಿಡಿದಿದ್ದವರು ಅವರೊಬ್ಬರೇ.